ದುಬಾರಿ ಪ್ರೊಸೆಸರಿನ ಬೆಲೆ ಮತ್ತು ಮೌಲ್ಯ: ಒಂದು ದರಪಟ್ಟಿಯ ಚರಿತ್ರೆ

ಒಂದೇ ಕಾರ್ಖಾನೆಯಲ್ಲಿ, ಒಂದೇ ನಕ್ಷೆಯಂತೆ, ಅನೇಕ ವೇಳೆ ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ರೂಪುಗೊಂಡ ಎರಡು ಪ್ರೊಸೆಸರುಗಳು ಅಂಗಡಿಗೆ ಬರುವ ಹೊತ್ತಿಗೆ ಒಂದು 200 ಡಾಲರಿಗೂ ಇನ್ನೊಂದು 1,000 ಡಾಲರಿಗೂ ಮಾರಾಟವಾಗುವುದು ಗಣಕೋದ್ಯಮದಲ್ಲಿ ಹಲವು ದಶಕಗಳಿಂದ ನಡೆದುಬಂದ ಪದ್ಧತಿ. ಗಣಕಯಂತ್ರಕ್ಕೆ ಕೊಟ್ಟ ಆದೇಶಗಳನ್ನು ಒಂದೊಂದಾಗಿ ಓದಿ, ಲೆಕ್ಕಾಚಾರ ನಡೆಸಿ, ಫಲಿತಾಂಶವನ್ನು ಸ್ಮೃತಿಗೆ ಹಿಂದಿರುಗಿಸುವ ಬಿಡಿಭಾಗವೇ ಪ್ರೊಸೆಸರ್. ಅದರ ತಯಾರಕರು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ ಪ್ರಕಟಿಸುವ ದರಪಟ್ಟಿಯಲ್ಲಿ ಕೆಳಗಿನ ಮೆಟ್ಟಿಲುಗಳ ನಡುವೆ ಬೆಲೆಯ ಅಂತರ ಕಡಿಮೆಯಿದ್ದು, ತುದಿಯನ್ನು ಸಮೀಪಿಸಿದಂತೆ ಅದು ಒಮ್ಮೆಲೇ ಕಡಿದಾಗುತ್ತದೆ. ಆ ತುದಿಯ ಬೆಲೆಗೆ ತಕ್ಕ ಕೆಲಸ ದೊರೆಯುತ್ತದೆಯೇ ಎಂಬ ಪ್ರಶ್ನೆಗೆ ಸುಮಾರು ಎಪ್ಪತ್ತು ವರ್ಷಗಳ ಚರಿತ್ರೆಯಿದೆ; ಆ ಚರಿತ್ರೆಯುದ್ದಕ್ಕೂ ಉತ್ತರ ಒಂದೇ ಆಗಿ ಉಳಿದಿಲ್ಲ. ತುದಿಯ ಬೆಲೆ ತೆತ್ತವರು ಒಂದು ಕಾಲದಲ್ಲಿ ಬೇರೆಲ್ಲೂ ಸಿಗದ ಸಾಮರ್ಥ್ಯವನ್ನು ಕೊಂಡರು, ಇನ್ನೊಂದು ಕಾಲದಲ್ಲಿ ಕೆಲವು ತಿಂಗಳ ಮುಂಗಡವನ್ನಷ್ಟೇ ಕೊಂಡರು, ಮತ್ತೊಂದು ಕಾಲದಲ್ಲಿ ಪ್ರತಿಸ್ಪರ್ಧಿಯಿಲ್ಲದ ಮಾರುಕಟ್ಟೆಗೆ ಕಪ್ಪ ಒಪ್ಪಿಸಿದರು. ಮುಂದೆ ಉಲ್ಲೇಖಿಸುವ ಬೆಲೆಗಳಲ್ಲಿ ಹೆಚ್ಚಿನವು 1,000 ಪ್ರೊಸೆಸರುಗಳ ಸಗಟು ಖರೀದಿಗೆ ತಯಾರಕರು ಪ್ರಕಟಿಸುತ್ತಿದ್ದ ದರಗಳಾದ್ದರಿಂದ, ಬಿಡಿಯಾಗಿ ಕೊಳ್ಳುವವರ ಕೈಗೆ ಬರುವಾಗ ಅವು ಸ್ವಲ್ಪ ಹೆಚ್ಚು ಕಡಿಮೆಯಾಗುತ್ತಿದ್ದವು.

ಮೈಕ್ರೊಪ್ರೊಸೆಸರ್ ಹುಟ್ಟುವುದಕ್ಕೆ ಮೊದಲಿನ ಕಾಲದಲ್ಲಿ, ಅಂದರೆ ಒಂದು ಕೋಣೆಯನ್ನೇ ಆಕ್ರಮಿಸುವ ಮೇನ್‌ಫ್ರೇಮ್ ಯಂತ್ರಗಳ ಕಾಲದಲ್ಲಿ, ದುಬಾರಿ ಯಂತ್ರವೇ ಅಗ್ಗದ ಯಂತ್ರ ಎಂಬ ನಂಬಿಕೆ ಬಲವಾಗಿತ್ತು. ಖಗೋಳಶಾಸ್ತ್ರದಿಂದ ಗಣಕ ಕ್ಷೇತ್ರಕ್ಕೆ ಬಂದು ಐಬಿಎಮ್‌ನಲ್ಲಿ ದುಡಿದ ಹರ್ಬರ್ಟ್ ಗ್ರಾಶ್ 1950ರ ದಶಕದ ಆರಂಭದಲ್ಲಿ ಮುಂದಿಟ್ಟ ಸೂತ್ರದ ಪ್ರಕಾರ ಗಣಕದ ಸಾಮರ್ಥ್ಯವು ಅದರ ಬೆಲೆಯ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎರಡು ಪಟ್ಟು ಹಣ ಕೊಟ್ಟವರಿಗೆ ನಾಲ್ಕು ಪಟ್ಟು ಕೆಲಸ, ಮೂರು ಪಟ್ಟು ಕೊಟ್ಟವರಿಗೆ ಒಂಬತ್ತು ಪಟ್ಟು ಕೆಲಸ. ಗ್ರಾಶ್ ನಿಯಮವೆಂದು ಹೆಸರಾದ ಈ ಸೂತ್ರವನ್ನು ಕೆನೆತ್ ನೈಟ್ ಎಂಬ ಸಂಶೋಧಕರು 1960ರ ದಶಕದಲ್ಲಿ ಹಲವು ಯಂತ್ರಗಳ ಬೆಲೆ ಮತ್ತು ವೇಗಗಳನ್ನು ಹೋಲಿಸಿ ಪರೀಕ್ಷಿಸಿದಾಗ ಅದು ಬಹುಮಟ್ಟಿಗೆ ಸರಿಯೆಂದೇ ಕಂಡುಬಂತು. ವಿಶ್ವವಿದ್ಯಾಲಯಗಳೂ ಬ್ಯಾಂಕುಗಳೂ ಸರ್ಕಾರಿ ಇಲಾಖೆಗಳೂ ಚಿಕ್ಕ ಯಂತ್ರಗಳನ್ನು ಹಲವೆಡೆ ಇರಿಸುವ ಬದಲು ದೊಡ್ಡದೊಂದನ್ನು ಕೊಂಡು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆಗೆ ಒಲಿದದ್ದಕ್ಕೆ ಈ ಲೆಕ್ಕಾಚಾರವೂ ಒಂದು ಕಾರಣ. ಆ ಯುಗದಲ್ಲಿ ತುದಿಯ ಯಂತ್ರಕ್ಕೆ ಕೊಟ್ಟ ಹಣ ವ್ಯರ್ಥವೆಂದು ವಾದಿಸುವುದು ಕಷ್ಟವಿತ್ತು.

ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಪ್ರೊಸೆಸರಿನ ಸಮಸ್ತ ಅಂಗಗಳನ್ನೂ ಉಗುರಿನಗಲದ ಸಿಲಿಕಾನ್ ತುಣುಕಿನ ಮೇಲೆ ಅಡಕಗೊಳಿಸಿದ ಮೈಕ್ರೊಪ್ರೊಸೆಸರ್. ಜಪಾನಿನ ಬಿಸಿಕಾಮ್ ಕಂಪನಿಯ ಲೆಕ್ಕಯಂತ್ರಗಳಿಗಾಗಿ ಇಂಟೆಲ್ ರೂಪಿಸಿ, 1971ರ ನವೆಂಬರಿನಲ್ಲಿ ಎಲ್ಲರಿಗೂ ಮಾರಾಟಕ್ಕಿಟ್ಟ 4004ರಲ್ಲಿ ಇದ್ದದ್ದು 2,300 ಟ್ರಾನ್ಸಿಸ್ಟರುಗಳು, ಅಂದರೆ ವಿದ್ಯುತ್ ಹರಿವನ್ನು ಬಿಡುವ ಮತ್ತು ತಡೆಯುವ ಸೂಕ್ಷ್ಮ ಗುಂಡಿಗಳು. ಅದರ ನಂತರ 1974ರಲ್ಲಿ ಬಂದ ಇಂಟೆಲಿನ 8080ರ ಬಿಡಿ ಬೆಲೆ 360 ಡಾಲರ್ ಆಗಿತ್ತು. ಮೊಟೊರೊಲಾದಲ್ಲಿದ್ದ ಚಕ್ ಪೆಡಲ್ ಮತ್ತು ಸಂಗಡಿಗರು ಅಲ್ಲಿಂದ ಹೊರಬಂದು ಮಾಸ್ ಟೆಕ್ನಾಲಜಿ ಎಂಬ ಕಂಪನಿಯಲ್ಲಿ 6502 ಎಂಬ ಪ್ರೊಸೆಸರನ್ನು ಸಿದ್ಧಗೊಳಿಸಿ, 1975ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವೆಸ್ಕಾನ್ ವಸ್ತುಪ್ರದರ್ಶನದ ಸಮಯದಲ್ಲಿ ಅದನ್ನು 25 ಡಾಲರಿಗೆ ಮಾರಿದರು. ಹದಿನಾಲ್ಕನೆಯ ಒಂದು ಪಾಲಿಗೆ ಇಳಿದ ಈ ದರವನ್ನು ಕಂಡು ಮೊಟೊರೊಲಾ ತನ್ನ 6800 ಪ್ರೊಸೆಸರಿನ ಬೆಲೆಯನ್ನು ಕೆಲವೇ ವಾರಗಳಲ್ಲಿ 69 ಡಾಲರಿಗೆ ಇಳಿಸಬೇಕಾಯಿತು. ಸ್ಟೀವ್ ವಾಜ್ನಿಯಾಕ್ 1976ರ ಮೊದಲ ಆಪಲ್ ಗಣಕಕ್ಕೆ ಆರಿಸಿಕೊಂಡದ್ದೂ 6502ನ್ನೇ. ಪ್ರೊಸೆಸರಿನ ಬೆಲೆಗೂ ಅದನ್ನು ತಯಾರಿಸುವ ಖರ್ಚಿಗೂ ಇರುವ ನಂಟು ಎಷ್ಟು ಸಡಿಲವಾದುದೆಂಬುದು ಆ ಶರತ್ಕಾಲದಲ್ಲಿ ಮೊದಲ ಬಾರಿ ಬಹಿರಂಗವಾಯಿತು.

ಐಬಿಎಮ್ 1981ರ ಆಗಸ್ಟಿನಲ್ಲಿ ಬಿಡುಗಡೆ ಮಾಡಿದ ಪಿಸಿಯಲ್ಲಿ ಇಂಟೆಲಿನ 8088 ಪ್ರೊಸೆಸರ್ ಇತ್ತು. ಒಬ್ಬನೇ ಪೂರೈಕೆದಾರನನ್ನು ನೆಚ್ಚಿಕೊಳ್ಳಲು ಐಬಿಎಮ್ ಒಪ್ಪದ ಕಾರಣ ಅದೇ ವಿನ್ಯಾಸವನ್ನು ತಯಾರಿಸುವ ಹಕ್ಕು 1982ರ ಒಪ್ಪಂದದ ಮೂಲಕ ಎಎಮ್‌ಡಿ ಕಂಪನಿಗೂ ದೊರೆಯಿತು. ಹೀಗೆ ಒಂದೇ ಪ್ರೊಸೆಸರನ್ನು ಎರಡು ಕಾರ್ಖಾನೆಗಳು ಮಾರುತ್ತಿದ್ದಾಗ ತುದಿಯ ಮೆಟ್ಟಿಲಿಗೆ ಮನಬಂದ ಬೆಲೆ ಕಟ್ಟಲು ಆಸ್ಪದವಿರಲಿಲ್ಲ. ಇಂಟೆಲ್ 1985ರ ಅಕ್ಟೋಬರಿನಲ್ಲಿ ಪ್ರಕಟಿಸಿದ 80386ನ್ನು ತಯಾರಿಸುವ ಹಕ್ಕನ್ನು ಎಎಮ್‌ಡಿಗೆ ಕೊಡದೆ ತನ್ನಲ್ಲೇ ಉಳಿಸಿಕೊಂಡಿತು. ಎಎಮ್‌ಡಿ ಸ್ವಂತವಾಗಿ ರೂಪಿಸಿದ ಎಎಮ್386 ಮಾರುಕಟ್ಟೆಗೆ ಬಂದದ್ದು 1991ರಲ್ಲಾದ್ದರಿಂದ, ನಡುವಿನ ಐದಾರು ವರ್ಷ 386ನ ಬೆಲೆ ಇಂಟೆಲ್ ಹೇಳಿದ್ದೇ ಆಗಿತ್ತು. ಪ್ರೊಸೆಸರುಗಳ ದರಪಟ್ಟಿ ಇಂದು ಕಾಣುವ ರೂಪವನ್ನು, ಅಂದರೆ ಒಂದೇ ತಲೆಮಾರಿನ ವಿನ್ಯಾಸವನ್ನು ಹಲವು ಹೆಸರು ಮತ್ತು ಹಲವು ದರಗಳಲ್ಲಿ ಮಾರುವ ಕ್ರಮವನ್ನು, ತಳೆದದ್ದು ಈ ಏಕಸ್ವಾಮ್ಯದ ವರ್ಷಗಳಲ್ಲಿ.

ಮೆಟ್ಟಿಲುಗಳು ಹುಟ್ಟಲು ಒಂದು ಸಹಜ ಕಾರಣ ತಯಾರಿಕೆಯ ಒಳಗೇ ಇದೆ. ಸಿಲಿಕಾನ್ ಬಿಲ್ಲೆಯೊಂದರ ಮೇಲೆ ನೂರಾರು ಪ್ರೊಸೆಸರುಗಳನ್ನು ಒಟ್ಟಿಗೆ ಮೂಡಿಸುವಾಗ ಧೂಳಿನ ಕಣ, ರಾಸಾಯನಿಕ ಲೇಪದ ಏರುಪೇರು, ಬಿಲ್ಲೆಯ ಅಂಚಿಗೂ ನಡುವಿಗೂ ಇರುವ ವ್ಯತ್ಯಾಸ ಮುಂತಾದ ಕಾರಣಗಳಿಂದ ಎಲ್ಲವೂ ಒಂದೇ ಗುಣದವಾಗಿ ಹೊರಬರುವುದಿಲ್ಲ. ಕೆಲವು ಕೆಲಸವನ್ನೇ ಮಾಡವು, ಕೆಲವು ನಿಧಾನ ವೇಗದಲ್ಲಿ ಮಾತ್ರ ತಪ್ಪಿಲ್ಲದೆ ನಡೆಯುತ್ತವೆ, ಕೆಲವು ಮಾತ್ರ ಕಡಿಮೆ ವಿದ್ಯುತ್ತಿನಲ್ಲಿ ಅತಿ ಹೆಚ್ಚಿನ ವೇಗಕ್ಕೆ ಒಗ್ಗುತ್ತವೆ. ಒಂದೇ ತೋಟದ ಅಡಿಕೆಯನ್ನು ಶಿವಮೊಗ್ಗದ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿ ಒಂದೊಂದಕ್ಕೆ ಒಂದೊಂದು ಧಾರಣೆ ಕಟ್ಟುವಂತೆ, ಕಾರ್ಖಾನೆಯಲ್ಲಿ ಪ್ರತಿ ತುಣುಕನ್ನೂ ಪರೀಕ್ಷಿಸಿ ಅದು ತಾಳಬಲ್ಲ ವೇಗಕ್ಕೆ ತಕ್ಕಂತೆ ಬೇರೆ ಬೇರೆ ಗುಂಪಿಗೆ ಸೇರಿಸಲಾಗುತ್ತದೆ. ಉದ್ಯಮದಲ್ಲಿ ಇದಕ್ಕೆ ಬಿನ್ನಿಂಗ್ ಎಂದು ಹೆಸರು. ಅತ್ಯುತ್ತಮ ತುಣುಕುಗಳು ನಿಜಕ್ಕೂ ವಿರಳವಾದಾಗ ಅವುಗಳ ಹೆಚ್ಚಿನ ಬೆಲೆಗೆ ಒಂದು ನ್ಯಾಯವಿರುತ್ತದೆ. ತಯಾರಿಕೆ ಪಳಗಿ ಬಹುಪಾಲು ತುಣುಕುಗಳು ಮೇಲ್ದರ್ಜೆಯವೇ ಆಗಿ ಬರತೊಡಗಿದಾಗಲೂ ಕೆಳಗಿನ ದರದ ಮಾಲಿಗೆ ಬೇಡಿಕೆ ಇದ್ದೇ ಇರುವುದರಿಂದ, ಮೇಲ್ದರ್ಜೆಯ ತುಣುಕುಗಳ ಮೇಲೆಯೇ ಕೆಳದರ್ಜೆಯ ಮುದ್ರೆ ಒತ್ತಿ ಕಳುಹಿಸುವ ಪ್ರಸಂಗ ಬರುತ್ತದೆ. ಆಗ ಮೆಟ್ಟಿಲಿಗೂ ತಯಾರಿಕೆಗೂ ಸಂಬಂಧ ಕಡಿದುಹೋಗಿ ಅದು ಕೇವಲ ವ್ಯಾಪಾರದ ಏರ್ಪಾಡಾಗಿ ಉಳಿಯುತ್ತದೆ.

ಈ ಏರ್ಪಾಡಿನ ಪ್ರಸಿದ್ಧ ಉದಾಹರಣೆ 486ಎಸ್‌ಎಕ್ಸ್. ಇಂಟೆಲ್ 1989ರಲ್ಲಿ ಹೊರತಂದ 486 ಪ್ರೊಸೆಸರಿನಲ್ಲಿ 12 ಲಕ್ಷ ಟ್ರಾನ್ಸಿಸ್ಟರುಗಳಿದ್ದು, ದಶಮಾಂಶ ಸಂಖ್ಯೆಗಳ ಲೆಕ್ಕವನ್ನು ವೇಗವಾಗಿ ಮಾಡುವ ಗಣಿತ ಘಟಕವೂ ಅದರೊಳಗೇ ಇತ್ತು. ಅದರ ಬೆಲೆ ಹೆಚ್ಚಿನ ಕಚೇರಿಗಳ ಕೈಗೆ ಎಟುಕದಿದ್ದಾಗ, ಎಎಮ್‌ಡಿಯ 386 ಕೂಡ ಪೈಪೋಟಿಗೆ ನಿಂತಾಗ, ಇಂಟೆಲ್ 1991ರಲ್ಲಿ ಗಣಿತ ಘಟಕವನ್ನು ನಿಷ್ಕ್ರಿಯಗೊಳಿಸಿದ 486ನ್ನು ಎಸ್‌ಎಕ್ಸ್ ಎಂಬ ಹೆಸರಿನಲ್ಲಿ ಕಡಿಮೆ ದರಕ್ಕೆ ಮಾರಿತು. ಮುಂದೆ ಗಣಿತ ಘಟಕ ಬೇಕೆಂದವರಿಗೆ 487ಎಸ್‌ಎಕ್ಸ್ ಎಂಬ ಪೂರಕ ಭಾಗವನ್ನು ಮಾರಲಾಯಿತು. ಅದು ವಾಸ್ತವದಲ್ಲಿ ಪೂರ್ಣ 486 ಪ್ರೊಸೆಸರೇ ಆಗಿದ್ದು, ಅದನ್ನು ಕೂರಿಸಿದ ಕೂಡಲೇ ಹಳೆಯ ಪ್ರೊಸೆಸರ್ ಕೆಲಸ ನಿಲ್ಲಿಸಿ ಸುಮ್ಮನಾಗುತ್ತಿತ್ತು. ಅರ್ಥಶಾಸ್ತ್ರಜ್ಞರಾದ ರೇಮಂಡ್ ಡೆನೆಕೆರ್ ಮತ್ತು ಪ್ರೆಸ್ಟನ್ ಮೆಕಾಫಿ 1996ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಬೇಕೆಂದೇ ಊನಗೊಳಿಸಿ ಮಾರುವ ಸರಕುಗಳ ಸಾಲಿನಲ್ಲಿ 486ಎಸ್‌ಎಕ್ಸ್ ಅನ್ನೂ, ನಿಮಿಷಕ್ಕೆ 10 ಪುಟ ಮುದ್ರಿಸಬಲ್ಲ ಯಂತ್ರವನ್ನು 5 ಪುಟಕ್ಕೆ ತಡೆದು ಕಡಿಮೆ ಬೆಲೆಗೆ ಮಾರಿದ ಐಬಿಎಮ್‌ನ ಲೇಸರ್ ಪ್ರಿಂಟರ್ ಅನ್ನೂ ಚರ್ಚಿಸಿದರು. ಈ ಉಪಾಯ ಗಣಕಕ್ಕಿಂತ ಬಹಳ ಹಳೆಯದು. ಫ್ರಾನ್ಸಿನ ಎಂಜಿನಿಯರ್ ಜೂಲ್ಸ್ ಡುಪ್ವಿ 1849ರಲ್ಲೇ ರೈಲಿನ ಮೂರನೆಯ ದರ್ಜೆಯ ಬಂಡಿಗಳಿಗೆ ಮಾಡು ಹಾಕಿಸದಿರುವುದರ ಉದ್ದೇಶವನ್ನು ವಿವರಿಸುತ್ತ, ಮಾಡಿಗೆ ತಗಲುವ ಖರ್ಚನ್ನು ಉಳಿಸುವುದು ಅದರ ಗುರಿಯಲ್ಲವೆಂದೂ, ಎರಡನೆಯ ದರ್ಜೆಯ ದರ ಕೊಡಬಲ್ಲವರು ಕೆಳಗಿಳಿಯದಂತೆ ನೋಡಿಕೊಳ್ಳುವುದೇ ಗುರಿಯೆಂದೂ ತೋರಿಸಿದ್ದರು. ದುಬಾರಿ ಪ್ರೊಸೆಸರಿನ ಬೆಲೆಯಲ್ಲಿ ಒಂದು ಪಾಲು ಅದರ ಸ್ವಂತ ಗುಣಕ್ಕೆ ಸಲ್ಲುವುದಾದರೆ, ಇನ್ನೊಂದು ಪಾಲು ಅಗ್ಗದ ಪ್ರೊಸೆಸರಿನಿಂದ ಕಸಿದುಕೊಂಡ ಗುಣಕ್ಕೆ ಸಲ್ಲುತ್ತದೆ ಎಂಬುದು ಇದರ ತಾತ್ಪರ್ಯ.

1990ರ ದಶಕದ ಉತ್ತರಾರ್ಧದಲ್ಲಿ ತುದಿಯ ಬೆಲೆ ಕಾಲದ ಬೆಲೆಯಾಗಿ ಮಾರ್ಪಟ್ಟಿತು. ಪ್ರೊಸೆಸರಿನ ಗಡಿಯಾರ ಒಂದು ಸೆಕೆಂಡಿಗೆ ಎಷ್ಟು ಬಾರಿ ಮಿಡಿಯುತ್ತದೆಂಬುದನ್ನು ಮೆಗಾಹರ್ಟ್ಸ್ ಎಂಬ ಮಾನದಲ್ಲಿ, ಅಂದರೆ ದಶಲಕ್ಷದ ಲೆಕ್ಕದಲ್ಲಿ, ಅಳೆಯಲಾಗುತ್ತದೆ. ಆ ವರ್ಷಗಳಲ್ಲಿ ಈ ಸಂಖ್ಯೆ ಒಂದೂವರೆ ಎರಡು ವರ್ಷಕ್ಕೆ ಇಮ್ಮಡಿಯಾಗುತ್ತಿತ್ತು. ಇಂಟೆಲ್ 1997ರ ಮೇ ತಿಂಗಳಲ್ಲಿ ಪ್ರಕಟಿಸಿದ ಪೆಂಟಿಯಂ 2ರ ದರಪಟ್ಟಿಯಲ್ಲಿ 233 ಮೆಗಾಹರ್ಟ್ಸ್ ಮಾದರಿಗೆ 636 ಡಾಲರ್, 266 ಮೆಗಾಹರ್ಟ್ಸ್ ಮಾದರಿಗೆ 775 ಡಾಲರ್, 300 ಮೆಗಾಹರ್ಟ್ಸ್ ಮಾದರಿಗೆ 1,981 ಡಾಲರ್ ಇತ್ತು. ಕೊನೆಯ ಎರಡು ಮೆಟ್ಟಿಲುಗಳ ನಡುವೆ ವೇಗ ನೂರಕ್ಕೆ 13ರಷ್ಟು ಏರಿದರೆ ಬೆಲೆ ಎರಡೂವರೆ ಪಟ್ಟಾಗುತ್ತಿತ್ತು. ಗ್ರಾಶ್ ನಿಯಮ ಇಲ್ಲಿ ಪೂರ್ತಿ ಮಗುಚಿಬಿದ್ದಿತ್ತು. ಇಷ್ಟು ಹಣ ತೆತ್ತವರಿಗೆ ದೊರೆತದ್ದು ಮುಂದೆ ಎಲ್ಲರಿಗೂ ಸಿಗಲಿದ್ದ ವೇಗ ಕೆಲವು ತಿಂಗಳು ಮೊದಲೇ ಸಿಕ್ಕಿತೆಂಬ ಅನುಕೂಲ. ಸಿನಿಮಾ ದೃಶ್ಯಗಳನ್ನೋ ಯಂತ್ರಭಾಗಗಳ ನಕ್ಷೆಗಳನ್ನೋ ಸಿದ್ಧಪಡಿಸುವ ಸಂಸ್ಥೆಗೆ ಆ ತಿಂಗಳುಗಳಲ್ಲಿ ಉಳಿದ ಸಂಬಳದ ಗಂಟೆಗಳು ಹೆಚ್ಚುವರಿ ಬೆಲೆಯನ್ನು ತೀರಿಸಬಹುದಾಗಿತ್ತು. ಪತ್ರ ಬರೆಯುವ, ಲೆಕ್ಕ ಇಡುವ ಗಣಕಕ್ಕೆ ಅದರಿಂದ ಯಾವ ಲಾಭವೂ ಇರಲಿಲ್ಲ.

ಅದೇ ಸಮಯದಲ್ಲಿ ಕೆಳಗಿನ ಮೆಟ್ಟಿಲುಗಳ ಕಡೆಯಿಂದ ಒತ್ತಡ ಹೆಚ್ಚಿತು. ಕಾಂಪ್ಯಾಕ್ ಕಂಪನಿ 1997ರಲ್ಲಿ ಸೈರಿಕ್ಸ್ ಪ್ರೊಸೆಸರ್ ಬಳಸಿ 999 ಡಾಲರಿನ ಗಣಕವೊಂದನ್ನು ಮಾರತೊಡಗಿತು. ಪೆಂಟಿಯಂ ಯೋಜನೆಯ ಮುಂಚೂಣಿಯಲ್ಲಿದ್ದು ಆಮೇಲೆ ಎಎಮ್‌ಡಿಯ ಪಾಳೆಯ ಸೇರಿದ್ದ ವಿನೋದ್ ಧಾಮ್ ಅವರ ದುಡಿಮೆಯೂ ಬೆರೆತಿದ್ದ ಕೆ6 ಪ್ರೊಸೆಸರ್ ಇಂಟೆಲಿಗಿಂತ ಕಡಿಮೆ ದರದಲ್ಲಿ ಬಂತು. ಇದಕ್ಕೆ ಎದುರಾಗಿ ಇಂಟೆಲ್ ಹೂಡಿದ ಸೆಲೆರಾನ್ ಮಾಲಿಕೆಯ ಮೊದಲ ಮಾದರಿಯಲ್ಲಿ ಎರಡನೆಯ ಹಂತದ ಕ್ಯಾಶ್ ಇರಲಿಲ್ಲ. ಪದೇ ಪದೇ ಬೇಕಾಗುವ ಮಾಹಿತಿಯನ್ನು ಪ್ರೊಸೆಸರಿನ ಪಕ್ಕದಲ್ಲೇ ಇರಿಸುವ ಈ ಚಿಕ್ಕ ಸ್ಮೃತಿ ಇಲ್ಲದ ಕಾರಣ ಅದು ತೀರಾ ನಿಧಾನವೆಂಬ ಅಪಖ್ಯಾತಿಗೆ ಗುರಿಯಾಯಿತು. ಆ ಅಪಖ್ಯಾತಿ ಕಳೆಯಲು 1998ರ ಆಗಸ್ಟಿನಲ್ಲಿ ಬಂದ 149 ಡಾಲರಿನ ಸೆಲೆರಾನ್ 300ಎ ಮಾದರಿಯಲ್ಲಿ 128 ಕಿಲೋಬೈಟ್ ಕ್ಯಾಶ್ ಅನ್ನು ಪ್ರೊಸೆಸರಿನ ತುಣುಕಿನ ಮೇಲೆಯೇ, ಪ್ರೊಸೆಸರಿನಷ್ಟೇ ವೇಗದಲ್ಲಿ ಓಡುವಂತೆ ಇರಿಸಲಾಗಿತ್ತು. ಸ್ಮೃತಿಯೊಂದಿಗೆ ಮಾತಾಡುವ ಮಾರ್ಗದ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಬದಲಿಸಿದರೆ ಈ ಅಗ್ಗದ ಪ್ರೊಸೆಸರ್ 450 ಮೆಗಾಹರ್ಟ್ಸ್‌ನಲ್ಲಿ ಓಡಬಲ್ಲದೆಂಬುದು ಹವ್ಯಾಸಿಗಳ ನಡುವೆ ಬೇಗನೆ ಹರಡಿತು. ಅದೇ ತಿಂಗಳು ಬಿಡುಗಡೆಯಾದ 450 ಮೆಗಾಹರ್ಟ್ಸ್ ಪೆಂಟಿಯಂ 2ರ ಬೆಲೆ 669 ಡಾಲರ್ ಇತ್ತು. ಮುದ್ರಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವ ಓವರ್‌ಕ್ಲಾಕಿಂಗ್ ಎಂಬ ಈ ಹವ್ಯಾಸ ದರಪಟ್ಟಿಯ ಮೇಲಿನ ಟೀಕೆಯಾಗಿಯೂ ಕೆಲಸ ಮಾಡಿತು, ಏಕೆಂದರೆ ಎರಡು ಮೆಟ್ಟಿಲುಗಳ ನಡುವಿನ ಅಂತರದಲ್ಲಿ ಸಿಲಿಕಾನಿನ ಪಾಲೆಷ್ಟು, ಮುದ್ರೆಯ ಪಾಲೆಷ್ಟು ಎಂಬುದನ್ನು ಅದು ಸಾಮಾನ್ಯ ಬಳಕೆದಾರರ ಮೇಜಿನ ಮೇಲೆಯೇ ಬಯಲು ಮಾಡಿತು.

ಭಾರತದಲ್ಲಿ ಈ ಪ್ರಶ್ನೆಗೆ ಆಮದು ಸುಂಕ ಮತ್ತು ಡಾಲರಿನ ವಿನಿಮಯ ದರ ಎಂಬ ಇನ್ನೆರಡು ಭಾರಗಳು ಸೇರಿಕೊಂಡಿದ್ದವು. 1984ರ ಗಣಕ ನೀತಿ ಆಮದನ್ನು ಸ್ವಲ್ಪ ಸಡಿಲಿಸಿದರೂ, ಬಿಡಿಭಾಗಗಳ ಮೇಲಿನ ಸುಂಕ ಗಣನೀಯವಾಗಿ ಇಳಿಯತೊಡಗಿದ್ದು 1990ರ ದಶಕದಲ್ಲಿ. ವಿಶ್ವ ವಾಣಿಜ್ಯ ಸಂಘಟನೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ 1997ರಲ್ಲಿ ಸೇರಿದ ಮೇಲೆ ಒಪ್ಪಂದದ ವ್ಯಾಪ್ತಿಯ ವಸ್ತುಗಳ ಸುಂಕವನ್ನು 2005ರೊಳಗೆ ಹಂತಹಂತವಾಗಿ ತೆಗೆದುಹಾಕಬೇಕಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆ ಬಿಡಿಭಾಗಗಳ ಪೇಟೆಯಾಗಿ ಬೆಳೆದದ್ದು ಈ ಬದಲಾವಣೆಗಳ ನಡುವೆ. ಅಲ್ಲಿ ಗಿರಾಕಿ ತನ್ನ ಒಟ್ಟು ಬಜೆಟ್ ಹೇಳುತ್ತಾನೆ. ಅಂಗಡಿಯವರು ಅದರೊಳಗೆ ಮದರ್‌ಬೋರ್ಡ್, ರ‍್ಯಾಮ್, ಹಾರ್ಡ್ ಡಿಸ್ಕ್, ಮಾನಿಟರ್ ಎಲ್ಲವನ್ನೂ ಹೊಂದಿಸಿ ಚೀಟಿ ಬರೆದುಕೊಡುವುದರಿಂದ, ಪ್ರೊಸೆಸರಿಗೆ ಹೆಚ್ಚು ಕೊಟ್ಟರೆ ಬೇರೆ ಯಾವುದರಲ್ಲಿ ಕಡಿತವಾಗುತ್ತದೆಂಬುದು ಆ ಚೀಟಿಯಲ್ಲೇ ಕಾಣುತ್ತದೆ. ಕಂಪನಿಯ ಪೆಟ್ಟಿಗೆಯಲ್ಲಿ ಫ್ಯಾನಿನೊಂದಿಗೆ ಬರುವ ಬಾಕ್ಸ್ ಪ್ರೊಸೆಸರ್ ಮತ್ತು ಗಣಕ ತಯಾರಕರಿಗೆಂದು ರಾಶಿಯಾಗಿ ಬಂದು ಬಿಡಿಯಾಗಿ ಮಾರಾಟವಾಗುವ ಟ್ರೇ ಪ್ರೊಸೆಸರ್ ಎಂಬ ಎರಡು ಬಗೆಯ ಮಾಲು ಪೇಟೆಯಲ್ಲಿದ್ದು, ವಾರಂಟಿಯ ವ್ಯತ್ಯಾಸವೂ ದರದಲ್ಲಿ ಸೇರುತ್ತಿತ್ತು. ತುದಿಯ ಮೆಟ್ಟಿಲಿನ ಹೆಚ್ಚುವರಿ ಹಣದಲ್ಲಿ ಇಮ್ಮಡಿ ರ‍್ಯಾಮ್ ಅಥವಾ ಉತ್ತಮ ಮಾನಿಟರ್ ಬರುವಂತಿದ್ದಾಗ, ಬಜೆಟ್ಟಿಗೆ ಕಟ್ಟುಬಿದ್ದ ಗಿರಾಕಿ ಮಧ್ಯದ ಮೆಟ್ಟಿಲಿನತ್ತ ಸರಿಯುವುದು ಸಹಜವಾಗಿತ್ತು.

ಸಹಸ್ರಮಾನದ ತಿರುವಿನಲ್ಲಿ ಪೈಪೋಟಿ ತುದಿಯನ್ನೇ ಮುಟ್ಟಿತು. ಎಎಮ್‌ಡಿ ತನ್ನ ಅಥ್ಲಾನ್ ಪ್ರೊಸೆಸರಿನ 1 ಗಿಗಾಹರ್ಟ್ಸ್, ಅಂದರೆ 1,000 ಮೆಗಾಹರ್ಟ್ಸ್, ಮಾದರಿಯನ್ನು 2000ದ ಮಾರ್ಚ್ 6ರಂದು 1,299 ಡಾಲರಿಗೆ ಪ್ರಕಟಿಸಿದರೆ, ಎರಡೇ ದಿನಗಳ ನಂತರ ಇಂಟೆಲ್ ಅಷ್ಟೇ ವೇಗದ ಪೆಂಟಿಯಂ 3ನ್ನು 990 ಡಾಲರಿಗೆ ಪ್ರಕಟಿಸಿತು. ಮೊದಲಿಗನಾಗುವ ಆತುರಕ್ಕೆ ಬೆಲೆ ತೆರಬೇಕಾದ ಪ್ರಸಂಗವೂ ಅದೇ ವರ್ಷ ನಡೆಯಿತು: 1.13 ಗಿಗಾಹರ್ಟ್ಸ್‌ನ ಪೆಂಟಿಯಂ 3 ಕೆಲವು ಕೆಲಸಗಳಲ್ಲಿ ತಪ್ಪುತ್ತದೆಂದು ಸ್ವತಂತ್ರ ಪರೀಕ್ಷಕರು ತೋರಿಸಿದ ಮೇಲೆ ಇಂಟೆಲ್ ಅದನ್ನು ಆಗಸ್ಟಿನಲ್ಲಿ ಹಿಂದಕ್ಕೆ ಪಡೆಯಿತು. ಅತಿ ಹೆಚ್ಚಿನ ಬೆಲೆ ಅತಿ ಹೆಚ್ಚಿನ ಭರವಸೆಗೆ ಸಮನೆಂಬ ಊಹೆ ಅಲ್ಲಿ ಮುರಿದುಬಿತ್ತು. ಮುಂದಿನ ವರ್ಷಗಳಲ್ಲಿ ಗಡಿಯಾರದ ವೇಗ ಏರಿದಂತೆ ಪ್ರೊಸೆಸರಿನ ಶಾಖವೂ ಹಿಡಿತ ಮೀರತೊಡಗಿ, 4 ಗಿಗಾಹರ್ಟ್ಸ್‌ನ ಪೆಂಟಿಯಂ 4ನ್ನು ತರುವ ಯೋಜನೆಯನ್ನು ಇಂಟೆಲ್ 2004ರ ಅಕ್ಟೋಬರಿನಲ್ಲಿ ಕೈಬಿಟ್ಟಿತು. ಆ ತಿಂಗಳು ಉದ್ಯಮದ ಸಭೆಯೊಂದರಲ್ಲಿ ಕಂಪನಿಯ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಇದಕ್ಕಾಗಿ ಮಂಡಿಯೂರಿ ಕ್ಷಮೆ ಕೋರಿದರು.

ವೇಗದ ಓಟ ಹೀಗೆ ಗೋಡೆ ಮುಟ್ಟುತ್ತಿದ್ದ ಕಾಲದಲ್ಲೇ ತುದಿಯ ಮೆಟ್ಟಿಲಿಗೆ ಪ್ರತ್ಯೇಕ ಹೆಸರು ಬಂದದ್ದು ಆಕಸ್ಮಿಕವಲ್ಲ. ಎಎಮ್‌ಡಿಯ ಅಥ್ಲಾನ್ 64 ಎಫ್‌ಎಕ್ಸ್ 2003ರ ಸೆಪ್ಟೆಂಬರಿನಲ್ಲಿ 733 ಡಾಲರಿಗೂ, ಸರ್ವರ್ ಪ್ರೊಸೆಸರಿನ ವಿನ್ಯಾಸವನ್ನೇ ಹೊದ್ದುಬಂದ ಇಂಟೆಲಿನ ಪೆಂಟಿಯಂ 4 ಎಕ್ಸ್‌ಟ್ರೀಮ್ ಎಡಿಷನ್ ಅದೇ ವರ್ಷದ ಕೊನೆಯಲ್ಲಿ 925 ಡಾಲರಿಗೂ ಬಂದವು. ಅಲ್ಲಿಂದ ಮುಂದೆ ಇಂಟೆಲಿನ ತುದಿಯ ಬೆಲೆ ಬಹುಕಾಲ 999 ಡಾಲರಿನಲ್ಲಿ ನೆಲೆನಿಂತಿತು. 2006ರ ಜುಲೈನಲ್ಲಿ ಬಿಡುಗಡೆಯಾದ ಕೋರ್ 2 ಡ್ಯುಯೊ ಮಾಲಿಕೆಯಲ್ಲಿ 1.86 ಗಿಗಾಹರ್ಟ್ಸ್‌ನ ಇ6300ಗೆ 183 ಡಾಲರ್, 2.4 ಗಿಗಾಹರ್ಟ್ಸ್‌ನ ಇ6600ಗೆ 316 ಡಾಲರ್, 2.93 ಗಿಗಾಹರ್ಟ್ಸ್‌ನ ಎಕ್ಸ್6800ಗೆ 999 ಡಾಲರ್ ಇತ್ತು. ಕೊನೆಯ ಎರಡರ ನಡುವೆ ವೇಗದಲ್ಲಿ ನೂರಕ್ಕೆ 22ರಷ್ಟು ಅಂತರವಿದ್ದರೆ ಬೆಲೆ ಮೂರು ಪಟ್ಟಿಗಿಂತ ಹೆಚ್ಚಾಗಿತ್ತು. 2008ರ ಕೋರ್ ಐ7 ಮಾಲಿಕೆಯಲ್ಲೂ 284 ಡಾಲರಿನ 920ಕ್ಕೂ 999 ಡಾಲರಿನ 965ಕ್ಕೂ ಇದ್ದ ವೇಗದ ವ್ಯತ್ಯಾಸ ನೂರಕ್ಕೆ 20ರಷ್ಟೇ. ಈ ವರ್ಗದ ಪ್ರೊಸೆಸರುಗಳ ವಿಶೇಷ ಆಕರ್ಷಣೆಯೆಂದರೆ ಅವುಗಳ ವೇಗದ ಬೀಗವನ್ನು ತಯಾರಕರೇ ತೆರೆದಿಟ್ಟಿದ್ದದ್ದು. 1998ರಲ್ಲಿ ಹವ್ಯಾಸಿಗಳು 149 ಡಾಲರಿನ ಪ್ರೊಸೆಸರಿನಲ್ಲಿ ಉಪಾಯದಿಂದ ಪಡೆದಿದ್ದ ಸ್ವಾತಂತ್ರ್ಯ ಇಲ್ಲಿ ಅಧಿಕೃತವಾಗಿ ದರಪಟ್ಟಿಯ ಭಾಗವಾಯಿತು. ತುದಿಯ ಬೆಲೆ ಎಷ್ಟು ಬೇಗ ಕರಗುತ್ತದೆಂಬುದಕ್ಕೆ ಕೋರ್ 2 ಕ್ವಾಡ್ ಕ್ಯೂ6600 ಸಾಕ್ಷಿಯಾಗಿದೆ: 2007ರ ಜನವರಿಯಲ್ಲಿ 851 ಡಾಲರ್ ಇದ್ದ ಆ ನಾಲ್ಕು ಕೋರಿನ ಪ್ರೊಸೆಸರಿನ ದರವನ್ನು ಜುಲೈನಲ್ಲಿ 266 ಡಾಲರಿಗೆ ಇಳಿಸಲಾಯಿತು. ವಸ್ತು ಅದೇ ಆಗಿ ಉಳಿದು ಕಾಲ ಮಾತ್ರ ಆರು ತಿಂಗಳು ಸರಿದಿತ್ತು.

ಒಂದೇ ತುಣುಕಿನ ಮೇಲೆ ಸ್ವತಂತ್ರವಾಗಿ ಲೆಕ್ಕ ಮಾಡಬಲ್ಲ ಹಲವು ಘಟಕಗಳನ್ನು, ಅಂದರೆ ಕೋರ್‌ಗಳನ್ನು, ಇರಿಸುವ ಪದ್ಧತಿ ರೂಢಿಗೆ ಬಂದ ಮೇಲೆ ತುದಿಯ ಮೆಟ್ಟಿಲಿನ ಅಳತೆಗೋಲೇ ಬದಲಾಯಿತು. ಎಎಮ್‌ಡಿಯ ಹೊಸ ವಿನ್ಯಾಸಗಳು 2011ರ ನಂತರ ಹಿಂದೆ ಬಿದ್ದಿದ್ದರಿಂದ, ಇಂಟೆಲಿಗೆ ಸಾಮಾನ್ಯ ಗಣಕಗಳ ದರ್ಜೆಯಲ್ಲಿ ನಾಲ್ಕು ಕೋರ್‌ಗಳ ಗಡಿ ದಾಟುವ ಅಗತ್ಯ ಬೀಳಲಿಲ್ಲ. 2007ರಲ್ಲಿ ನಾಲ್ಕಿದ್ದದ್ದು 2017ರ ಆರಂಭದಲ್ಲಿ ಬಂದ 339 ಡಾಲರಿನ ಐ7-7700ಕೆ ಮಾದರಿಯಲ್ಲೂ ನಾಲ್ಕೇ ಆಗಿತ್ತು. ಹೆಚ್ಚು ಕೋರ್ ಬೇಕಾದವರು ಬೇರೆಯೇ ಮದರ್‌ಬೋರ್ಡ್ ಬೇಡುವ ದುಬಾರಿ ವರ್ಗಕ್ಕೆ ಹೋಗಬೇಕಿತ್ತು. ಅಲ್ಲಿ 2016ರಲ್ಲಿ ಎಂಟು ಕೋರಿನ ಐ7-6900ಕೆಗೆ 1,089 ಡಾಲರ್, ಹತ್ತು ಕೋರಿನ ಐ7-6950ಎಕ್ಸ್‌ಗೆ 1,723 ಡಾಲರ್ ಇತ್ತು. ಎಎಮ್‌ಡಿ 2017ರ ಮಾರ್ಚ್‌ನಲ್ಲಿ ರೈಜೆನ್ ಮಾಲಿಕೆಯ ಎಂಟು ಕೋರಿನ ಮಾದರಿಗಳನ್ನು 329ರಿಂದ 499 ಡಾಲರಿಗೂ, ಆಗಸ್ಟಿನಲ್ಲಿ ಹದಿನಾರು ಕೋರಿನ ಥ್ರೆಡ್‌ರಿಪ್ಪರ್ 1950ಎಕ್ಸ್ ಅನ್ನು 999 ಡಾಲರಿಗೂ ಮಾರಿದಾಗ, ಇಂಟೆಲ್ ಅದೇ ವರ್ಷ ಸಾಮಾನ್ಯ ದರ್ಜೆಯಲ್ಲಿ ಆರು ಕೋರ್‌ಗಳನ್ನು ಕೊಟ್ಟಿತು. ಹದಿನೆಂಟು ಕೋರಿನ ಪ್ರೊಸೆಸರಿಗೆ 2018ರವರೆಗೆ 2,000 ಡಾಲರಿನ ಆಸುಪಾಸಿನಲ್ಲಿದ್ದ ದರ 2019ರ ಐ9-10980ಎಕ್ಸ್‌ಇ ಮಾದರಿಯಲ್ಲಿ 979 ಡಾಲರಿಗೆ ಇಳಿಯಿತು. ಒಂದೇ ವರ್ಷದಲ್ಲಿ ತಯಾರಿಕೆಯ ಖರ್ಚು ಅರ್ಧಕ್ಕಿಳಿಯುವುದು ಅಸಂಭವವಾದ್ದರಿಂದ, ಹಿಂದಿನ ದರದ ಗಣನೀಯ ಭಾಗ ಪ್ರತಿಸ್ಪರ್ಧಿಯ ಗೈರುಹಾಜರಿಯ ಬೆಲೆಯಾಗಿತ್ತೆಂದೇ ತೀರ್ಮಾನಿಸಬೇಕಾಗುತ್ತದೆ.

ಕೋರ್‌ಗಳ ಸಂಖ್ಯೆ ಹೆಚ್ಚಿದರೂ ಅದರ ಫಲ ಎಲ್ಲರಿಗೂ ಸಮನಾಗಿ ದೊರೆಯಲಿಲ್ಲ. ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ ವಾದದ ಪ್ರಕಾರ, ಒಂದು ಕೆಲಸದ ಅರ್ಧ ಭಾಗವನ್ನು ಒಂದರ ನಂತರ ಒಂದಾಗಿಯೇ ಮಾಡಬೇಕಿದ್ದರೆ, ಉಳಿದರ್ಧವನ್ನು ಎಷ್ಟೇ ಕೋರ್‌ಗಳಿಗೆ ಹಂಚಿದರೂ ಒಟ್ಟು ವೇಗ ಇಮ್ಮಡಿಯನ್ನು ಮೀರದು. ವಿಡಿಯೊ ಸಂಕಲನ, ಮೂರು ಆಯಾಮದ ಚಿತ್ರರಚನೆ, ದೊಡ್ಡ ತಂತ್ರಾಂಶಗಳ ಸಂಯೋಜನೆಯಂಥ ಹಂಚಬಲ್ಲ ಕೆಲಸಗಳಿಗೆ ಹದಿನಾರು ಕೋರ್‌ಗಳು ದುಡಿಯುತ್ತವೆ. ಆಟಗಳಿಗೂ ಕಚೇರಿಯ ದಿನಬಳಕೆಗೂ ಅವುಗಳಲ್ಲಿ ಹೆಚ್ಚಿನವು ಕೈಕಟ್ಟಿ ಕೂರುತ್ತವೆ. ಎಎಮ್‌ಡಿ 2022ರ ಏಪ್ರಿಲ್‌ನಲ್ಲಿ 449 ಡಾಲರಿಗೆ ಬಿಡುಗಡೆ ಮಾಡಿದ ಎಂಟು ಕೋರಿನ ರೈಜೆನ್ 7 5800ಎಕ್ಸ್3ಡಿ, ಪ್ರೊಸೆಸರಿನ ಮೇಲೆ ಇನ್ನೊಂದು ಪದರವಾಗಿ ಕೂರಿಸಿದ ಹೆಚ್ಚುವರಿ ಕ್ಯಾಶ್‌ನ ಬಲದಿಂದ, ಅದೇ ತಿಂಗಳು ಬಂದ 739 ಡಾಲರಿನ ಐ9-12900ಕೆಎಸ್‌ಗೆ ಹಲವು ಆಟಗಳಲ್ಲಿ ಸರಿಸಾಟಿಯಾಗಿ ನಿಂತು, ಕೆಲವೆಡೆ ಅದನ್ನು ಮೀರಿಸಿತು. ದರಪಟ್ಟಿಯ ಎತ್ತರವೂ ಕೆಲಸದ ಎತ್ತರವೂ ಒಂದೇ ಗೆರೆಯ ಮೇಲೆ ಸಾಗುತ್ತಿದ್ದ ಕಾಲ ಆ ಹೊತ್ತಿಗೆ ಮುಗಿದಿತ್ತು.

ದುಬಾರಿ ಪ್ರೊಸೆಸರಿನ ಬೆಲೆಯನ್ನು ನಿಷ್ಠುರವಾಗಿ ಲೆಕ್ಕ ಹಾಕುವ ಪದ್ಧತಿ ಉಳಿದುಬಂದದ್ದು ಸರ್ವರ್‌ಗಳ ಲೋಕದಲ್ಲಿ, ಅಂದರೆ ಬ್ಯಾಂಕು, ದೂರಸಂಪರ್ಕ, ಅಂತರ್ಜಾಲ ಸೇವೆಗಳನ್ನು ಹಗಲಿರುಳು ನಡೆಸುವ ಯಂತ್ರಗಳ ಲೋಕದಲ್ಲಿ. ಕರ್ನಾಟಕಕ್ಕೆ ಈ ಲೋಕದೊಂದಿಗೆ ನೇರ ನಂಟಿದೆ: ಇಂಟೆಲ್ 2008ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ, 190 ಕೋಟಿ ಟ್ರಾನ್ಸಿಸ್ಟರುಗಳನ್ನೂ ಆರು ಕೋರ್‌ಗಳನ್ನೂ ಹೊಂದಿದ್ದ, ಡನ್ನಿಂಗ್ಟನ್ ಎಂಬ ಗುಪ್ತನಾಮದ ಜಿಯಾನ್ 7400 ಪ್ರೊಸೆಸರಿನ ವಿನ್ಯಾಸ ನಡೆದದ್ದು ಬೆಂಗಳೂರಿನ ಕೇಂದ್ರದಲ್ಲಿ. ಅದರ ತುದಿಯ ಮಾದರಿ ಎಕ್ಸ್7460ರ ದರ 2,729 ಡಾಲರ್ ಆಗಿದ್ದು, ಅದೇ ನಗರದ ಬಿಡಿಭಾಗಗಳ ಪೇಟೆಯ ಸಾಮಾನ್ಯ ಗಿರಾಕಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಇಂಥ ಯಂತ್ರಗಳಲ್ಲಿ ಪ್ರೊಸೆಸರಿನ ಬೆಲೆ ಒಟ್ಟು ಖರ್ಚಿನ ಒಂದು ಅಂಶ ಮಾತ್ರ. ವಿದ್ಯುತ್, ತಂಪುಗೊಳಿಸುವಿಕೆ, ಸ್ಥಳದ ಬಾಡಿಗೆ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ತಂತ್ರಾಂಶದ ಪರವಾನಗಿ ಶುಲ್ಕ ಅದಕ್ಕೆ ಸೇರುತ್ತವೆ. ಮಾಹಿತಿಕೋಶಗಳನ್ನು ನಿರ್ವಹಿಸುವ ದೊಡ್ಡ ತಂತ್ರಾಂಶಗಳ ಶುಲ್ಕವನ್ನು ಕೋರ್‌ಗಳ ಸಂಖ್ಯೆಗೆ ಅನುಗುಣವಾಗಿ ವಿಧಿಸುವ ರೂಢಿಯಿರುವುದರಿಂದ, ಕಡಿಮೆ ಕೋರ್‌ಗಳಲ್ಲಿ ಹೆಚ್ಚು ಕೆಲಸ ತೆಗೆಯುವ ಪ್ರೊಸೆಸರ್ ತನ್ನ ಬೆಲೆಯ ಹಲವು ಪಟ್ಟು ಹಣವನ್ನು ಶುಲ್ಕದಲ್ಲಿ ಉಳಿಸಬಲ್ಲದು. ಎಎಮ್‌ಡಿಯ ಎಪಿಕ್ ಮಾಲಿಕೆಯಲ್ಲಿ ಹದಿನಾರು ಕೋರಿನ 7302 ಮಾದರಿಗೆ 978 ಡಾಲರ್ ಇದ್ದಾಗ, ಅಷ್ಟೇ ಕೋರ್‌ಗಳಿದ್ದು ಗಡಿಯಾರದ ವೇಗವೂ ಕ್ಯಾಶ್ ಕೂಡ ಹೆಚ್ಚಾಗಿದ್ದ 7ಎಫ್52 ಮಾದರಿಯನ್ನು 2020ರಲ್ಲಿ 3,100 ಡಾಲರಿಗೆ ಮಾರಲು ಸಾಧ್ಯವಾದದ್ದು ಈ ಲೆಕ್ಕದಿಂದ. ಬಿಡಿಯಾಗಿ ನೋಡಿದರೆ ಇದು 1997ರ ಪೆಂಟಿಯಂ 2ರ ದರಪಟ್ಟಿಗಿಂತಲೂ ಅನ್ಯಾಯವೆನಿಸಬಹುದಾದರೂ, ಕೊಳ್ಳುವ ಸಂಸ್ಥೆಯ ಲೆಕ್ಕಪುಸ್ತಕದಲ್ಲಿ ಅದು ಉಳಿತಾಯದ ಕಲಮಿನಲ್ಲಿ ದಾಖಲಾಗುತ್ತದೆ.

ಹೀಗೆ ಗ್ರಾಶ್ ನಿಯಮ ಸೂಚಿಸಿದ್ದ ತರ್ಕ, ಯಂತ್ರದ ಒಳಗಿನ ಕಾರಣಗಳಿಂದ ಸೋತ ಮೇಲೆ, ಯಂತ್ರದ ಹೊರಗಿನ ಖರ್ಚುಗಳ ಮೂಲಕ ಒಂದು ಸೀಮಿತ ವಲಯಕ್ಕೆ ಮರಳಿ ಬಂದಿದೆ ಎನ್ನಬಹುದು. ಪ್ರೊಸೆಸರಿನ ಸುತ್ತ ಇರುವ ಸಂಬಳ, ಶುಲ್ಕ, ವಿದ್ಯುತ್ತು, ಗಡುವುಗಳ ವೆಚ್ಚ ಪ್ರೊಸೆಸರಿನ ಬೆಲೆಗಿಂತ ಬಹಳ ದೊಡ್ಡದಾಗಿರುವ ಕಡೆ ತುದಿಯ ಮೆಟ್ಟಿಲು ಅಂದೂ ಇಂದೂ ತನ್ನ ಬೆಲೆಯನ್ನು ತೀರಿಸಿದೆ. ಆ ವೆಚ್ಚಗಳಿಲ್ಲದ ಮನೆ, ಶಾಲೆ, ಸಣ್ಣ ಕಚೇರಿಗಳಲ್ಲಿ ಅದು 6502ರ ಕಾಲದಿಂದಲೂ ತೀರಿಸಿದ ನಿದರ್ಶನ ಅಪರೂಪ. ದರಪಟ್ಟಿಯ ಮಧ್ಯದ ಮೆಟ್ಟಿಲುಗಳು ವರ್ಷದಿಂದ ವರ್ಷಕ್ಕೆ ಉತ್ತಮಗೊಳ್ಳುತ್ತ ಬಂದದ್ದಕ್ಕೂ ತುದಿಯ ಮೆಟ್ಟಿಲನ್ನು ಕೊಂಡವರ ಔದಾರ್ಯಕ್ಕಿಂತ, 1975ರಲ್ಲಿ ಮಾಸ್ ಟೆಕ್ನಾಲಜಿಯೂ 1991, 2000 ಮತ್ತು 2017ರಲ್ಲಿ ಎಎಮ್‌ಡಿಯೂ ಒಡ್ಡಿದ ಪೈಪೋಟಿಯೇ ಹೆಚ್ಚು ಕಾರಣವಾಗಿದೆ. ಆದ್ದರಿಂದ ಯಾವುದೇ ವರ್ಷದ ದುಬಾರಿ ಪ್ರೊಸೆಸರಿನ ಬೆಲೆ ಸಮಂಜಸವೇ ಎಂದು ನಿರ್ಣಯಿಸುವವರು ಅದರ ವೇಗವನ್ನು ಅಳೆಯುವುದರ ಜೊತೆಗೆ, ಆ ವರ್ಷ ಅದಕ್ಕೆ ಎದುರಾಳಿ ಯಾರಿದ್ದರು ಮತ್ತು ಕೊಂಡವರ ಒಂದು ಗಂಟೆಯ ಬೆಲೆ ಎಷ್ಟಿತ್ತು ಎಂಬ ಎರಡು ಸಂಗತಿಗಳನ್ನೂ ವಿಚಾರಿಸಬೇಕಾಗುತ್ತದೆ.